ಕೀಲಿಯೂ ಕಳ್ಳಕೀಲಿಯೂ

ಮೈಸೂರು ಕಡೆಯವರು ಬೀಗವೆನ್ನುವುದನ್ನು ಸೊರಟೂರಿನ ನಾವು ಕೀಲಿ ಎನ್ನುತ್ತೇವೆ. ಬೀಗ ಎಂದೊಡನೆ ನಮಗೆ ನೆನಪಾಗುವವರು ಮಗಳನ್ನು ಕೊಟ್ಟ ಮನೆಯವರು! ಹಳೆಯ ಮನೆಗಳಿಗೆ ಒಳಗಿನಿಂದ ಅಗಳಿ, ಹೊರಗಿನಿಂದ ಕಬ್ಬಿಣದ ದಪ್ಪ ಕೀಲಿ. ಗಾತ್ರ ಹೆಚ್ಚಿದಷ್ಟೂ ಭದ್ರವೆಂಬುದು ಹಿರಿಯರ ನಂಬಿಕೆಯಾಗಿತ್ತು. ಆದರೆ ಕಳ್ಳಕೀಲಿಯನ್ನು ತಡೆಯುವುದು ತೂಕವಲ್ಲ, ಒಳಗಿನ ಏರ್ಪಾಟು.

ಯುರೋಪಿನ ಹಳೆಯ ಕೀಲಿಗಳಲ್ಲಿ ಸಾಮಾನ್ಯವಾಗಿ ಕೀಲಿಕೈಯ ದಾರಿಗೆ ಅಡ್ಡವಾದ ಕೆಲವು ತಡೆಗಳಿರುತ್ತಿದ್ದವು. ಅವುಗಳನ್ನು ತಪ್ಪಿಸಿ ಹಾಯುವ ಬಾಗಿದ ಸರಳೊಂದಿದ್ದರೆ ಸಾಕಿತ್ತು. 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಒಳಗೆ ಸನ್ನೆಗಳನ್ನಿಟ್ಟನು. (ಸನ್ನೆಯ ಪಾಠ ಕೇಳಿದ ನನ್ನ ವಿದ್ಯಾರ್ಥಿಗಳಿಗೆ ವಿವರಣೆ ಬೇಕಿಲ್ಲವೆಂದುಕೊಳ್ಳುತ್ತೇನೆ.) ಪ್ರತಿಯೊಂದು ಸನ್ನೆಯೂ ಗೊತ್ತುಪಡಿಸಿದ ಎತ್ತರಕ್ಕೇ ಏಳಬೇಕು, ಕಡಿಮೆಯಾದರೂ ಹೆಚ್ಚಾದರೂ ಕೀಲಿಯೊಳಗಿನ ಅಗಳಿ ಸರಿಯದು. 1818ರಲ್ಲಿ ಜೆರೆಮಯ ಚಬ್ ಇದಕ್ಕೊಬ್ಬ ಗೂಢಚಾರನನ್ನೇ ಸೇರಿಸಿದನು. ಕಳ್ಳನು ಸನ್ನೆಯನ್ನು ಮಿತಿಮೀರಿ ಎತ್ತಿದರೆ ಅದು ಅಲ್ಲಿಯೇ ಸಿಕ್ಕಿಕೊಂಡು, ಯಾರೋ ಕೈಯಾಡಿಸಿದ್ದಾರೆಂದು ಒಡೆಯನಿಗೆ ತಿಳಿಸುತ್ತಿತ್ತು. ಜೋಸೆಫ್ ಬ್ರಾಮನ ಅಂಗಡಿಯ ಕಿಟಕಿಯಲ್ಲಂತೂ ಒಂದು ಕೀಲಿಯನ್ನು ತೂಗುಹಾಕಿ, ತೆರೆದವರಿಗೆ 200 ಗಿನಿ ಕೊಡುವುದಾಗಿ ಸಾರಲಾಗಿತ್ತು. ದಶಕಗಳು ಕಳೆದರೂ ಆ ಹಣವನ್ನು ಗೆದ್ದವರಿರಲಿಲ್ಲ.

1851ರ ಲಂಡನ್ ಮಹಾಪ್ರದರ್ಶನಕ್ಕೆ ಬಂದ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಎರಡನ್ನೂ ತೆರೆದು ತೋರಿಸಿದನು. ಚಬ್ ಕೀಲಿಗೆ ಹಿಡಿದದ್ದು 25 ನಿಮಿಷ. ಬ್ರಾಮನದಕ್ಕೆ 16 ದಿನಗಳಲ್ಲಿ ಹಂಚಿಹೋದ 51 ಗಂಟೆ. ಅವನ ಉಪಾಯವಿಷ್ಟೆ: ಅಗಳಿಯನ್ನು ಹಗುರಾಗಿ ಒತ್ತಿ ಹಿಡಿದರೆ ಒಳಗಿನ ಭಾಗಗಳೆಲ್ಲ ಒಮ್ಮೆಲೇ ಬಿಗಿಯುವುದಿಲ್ಲ, ಏಕೆಂದರೆ ಯಾವ ಕಮ್ಮಾರನ ಕೈಯೂ ಅಷ್ಟು ನಿಖರವಲ್ಲ. ಮೊದಲು ಬಿಗಿದದ್ದನ್ನು ತಕ್ಕ ಸ್ಥಾನಕ್ಕೆ ತಂದು ಮುಂದಿನದಕ್ಕೆ ಹೋಗುವುದು.

ಇದು ಕಳ್ಳರಿಗೆ ವಿದ್ಯೆ ಕಲಿಸಿದಂತಾಯಿತೆಂದು ಅನೇಕರು ಆಕ್ಷೇಪಿಸಿದರು. ನಾನು ಹಾಬ್ಸನ ಪಕ್ಷ. ದೋಷವನ್ನು ಮುಚ್ಚಿಟ್ಟರೆ ಕಳ್ಳನಿಗೆ ಲಾಭ, ಕೊಂಡವನಿಗೆ ನಷ್ಟ. ಹಾಬ್ಸನೇ ಮುಂದೆ, ಅಗಳಿಯ ಒತ್ತಡ ಸನ್ನೆಗಳನ್ನು ಮುಟ್ಟದಂತಹ ಕೀಲಿಯನ್ನು ರಚಿಸಿದನು. 1854ರಲ್ಲಿ ಚಬ್ ಕಂಪನಿಯ ಕೆಲಸಗಾರನೊಬ್ಬ ವಿಶೇಷ ಸಲಕರಣೆಗಳಿಂದ ಅದನ್ನೂ ತೆರೆದನಂತೆ! ಅಮೆರಿಕದ ಲೈನಸ್ ಯೇಲ್ 1860ರ ದಶಕದಲ್ಲಿ ಸನ್ನೆಗಳ ಬದಲು ಸಣ್ಣ ಪಿನ್ನುಗಳ ದಾರಿ ಹಿಡಿದನು. ಇಂದಿನ ಚಪ್ಪಟೆ ಕೀಲಿಕೈ ಆ ವಂಶದ್ದು.

ನಮ್ಮ ದೇಶದಲ್ಲಿ ವಕೀಲಿ ಬಿಟ್ಟ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬಯಿಯಲ್ಲಿ ಕೀಲಿ ತಯಾರಿಕೆಗೆ ಕೈಹಾಕಿದರು. ತಮಿಳುನಾಡಿನ ದಿಂಡಿಗಲ್ಲಿನಲ್ಲಿ ಕೈಯಿಂದಲೇ ಮಾಡುವ ಕೀಲಿಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಮನ್ನಣೆ ದೊರೆಯಿತು. ಗದಗಿನ ಅಂಗಡಿಯಲ್ಲಿ ಕೀಲಿ ಕೊಳ್ಳುವಾಗ ಅದರ ಮೈಮೇಲೆ '7 ಲಿವರ್' ಎಂದು ಕೊರೆದಿರುವುದನ್ನು ನೀವು ಕಂಡಿರಬಹುದು. ಅದು ಬ್ಯಾರನ್ನನ ಸನ್ನೆಗಳ ಲೆಕ್ಕ.