ಅಣುತ್ಯಾಜ್ಯ ತಾಣದ ಜನಮತಗಣನೆ, ದಕ್ಷಿಣ ಕೊರಿಯಾ

ವಿಕಿರಣಶೀಲ ತ್ಯಾಜ್ಯ ಹೂಳಲು ಜಾಗ ಹುಡುಕುತ್ತ ಸುಮಾರು ಎರಡು ದಶಕ ಅಲೆದ ದಕ್ಷಿಣ ಕೊರಿಯಾ ಸರಕಾರ, 2005ರಲ್ಲಿ ಸ್ಥಳೀಯರ ಮತದಾನದ ಮೂಲಕ ಗ್ಯೋಂಗ್ಜು ನಗರವನ್ನು ಆರಿಸಿತು. ಸಿಲ್ಲಾ ಅರಸರ ರಾಜಧಾನಿಯಾಗಿದ್ದ ಈ ಊರಿನ ಕಡಲಂಚಿನಲ್ಲಿ ವೋಲ್ಸೋಂಗ್ ಅಣುಸ್ಥಾವರ ಮೊದಲೇ ಇತ್ತು.

ಅದಕ್ಕೂ ಹಿಂದೆ ಊರವರನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಅನ್ಮ್ಯೋನ್ ದ್ವೀಪದ ಗುಟ್ಟಿನ ಯೋಜನೆ 1990ರಲ್ಲಿ ಬಯಲಾಗಿ ಜನ ದಂಗೆಯೆದ್ದರು. ಗುರೊಪ್ ದ್ವೀಪದಲ್ಲಿ ಸಕ್ರಿಯ ಭೂಸ್ತರಭಂಗ ಪತ್ತೆಯಾಗಿ 1995ರಲ್ಲಿ ಅದೂ ರದ್ದಾಯಿತು. 2003ರಲ್ಲಿ ಬುವಾನ್ ಜಿಲ್ಲೆಯ ಮುಖ್ಯಸ್ಥರು ಸ್ಥಳೀಯ ಪರಿಷತ್ತಿನ ಮಾತನ್ನೂ ಲೆಕ್ಕಿಸದೆ ವಿದೋ ದ್ವೀಪ ಕೊಡುತ್ತೇವೆಂದು ಅರ್ಜಿ ಹಾಕಿದರು. ಜನ ತಿಂಗಳುಗಟ್ಟಲೆ ರಾತ್ರಿ ಮೇಣದಬತ್ತಿ ಹಿಡಿದು ಬೀದಿಯಲ್ಲಿ ಕೂತರು, ಮಕ್ಕಳನ್ನು ಶಾಲೆ ಬಿಡಿಸಿದರು. ಮುಖ್ಯಸ್ಥರಿಗೆ ಬೌದ್ಧ ದೇಗುಲವೊಂದರಲ್ಲಿ ಪೆಟ್ಟೂ ಬಿತ್ತು. 2004ರ ಫೆಬ್ರವರಿ 14ರಂದು ಊರವರೇ ಮತಪೆಟ್ಟಿಗೆ ಇಟ್ಟರು. ಮತ ಹಾಕಿದವರು ಶೇ. 72; ಅವರಲ್ಲಿ ಬೇಡವೆಂದವರು ಶೇ. 91.8. ಇದಕ್ಕೆ ಕಾನೂನಿನ ಬಲವಿಲ್ಲ ಎಂದ ಸರಕಾರ, ಯೋಜನೆಯನ್ನಂತೂ ಕೈಬಿಟ್ಟಿತು.

ಮರುವರ್ಷದ ವಿಶೇಷ ಕಾಯ್ದೆ ಆಟದ ನಿಯಮವನ್ನೇ ಬದಲಿಸಿತು. ಹೂಳುವುದು ಕೆಳ ಮತ್ತು ಮಧ್ಯಮ ಮಟ್ಟದ ತ್ಯಾಜ್ಯ ಮಾತ್ರ. ಬಳಸಿದ ಇಂಧನದ ಘಟಕ ಆ ಊರಿಗೆ ಬರಕೂಡದು. ಒಪ್ಪಿದ ಊರಿಗೆ 30,000 ಕೋಟಿ ವೋನ್ ನೆರವು, ಜೊತೆಗೆ ಅಣುವಿದ್ಯುತ್ ಕಂಪನಿಯ ಪ್ರಧಾನ ಕಚೇರಿ. ಹಲವು ಊರು ಒಪ್ಪಿದರೆ ಹೆಚ್ಚು ಶೇಕಡಾವಾರು ಬಂದ ಊರಿಗೇ ತಾಣ. ಹೆಸರಿಗೆ ಜನಮತ, ನಡೆದದ್ದು ಹರಾಜು ಎನ್ನಬಹುದು.

2005ರ ನವೆಂಬರ್ 2ರಂದು ನಾಲ್ಕು ಕಡೆ ಮತದಾನವಾಯಿತು. ಪರವಾಗಿ ಬಂದ ಮತ ಗ್ಯೋಂಗ್ಜುವಿನಲ್ಲಿ ಶೇ. 89.5, ಗುನ್ಸಾನಿನಲ್ಲಿ 84.4, ಯೋಂಗ್ಡೋಕ್‌ನಲ್ಲಿ 79.3, ಪೋಹಾಂಗ್‌ನಲ್ಲಿ 67.5. ಗ್ಯೋಂಗ್ಜು ಮತ್ತು ಗುನ್ಸಾನ್ ಇರುವ ಪ್ರಾಂತಗಳ ಹಳೆಯ ಜಿದ್ದು ಪ್ರಚಾರಕ್ಕೆ ತುಪ್ಪ ಸುರಿಯಿತು. ಮತಗಟ್ಟೆಗೆ ಬಾರದೆ ಮತ ಹಾಕಲು ಅರ್ಜಿ ಕೊಟ್ಟವರ ಸಂಖ್ಯೆ ವಿಪರೀತವಾಗಿತ್ತು, ಅಧಿಕಾರಿಗಳೇ ಮನೆಮನೆ ಸುತ್ತಿ ಅರ್ಜಿ ಬರೆಸಿದರು ಎಂಬ ಆಕ್ಷೇಪಗಳೂ ಎದ್ದವು.

ಗೆದ್ದ ಮೇಲೆ ಅಗೆದರೆ ಬಂಡೆ ಮೆದು, ಅಂತರ್ಜಲ ಹೇರಳ. ಕಾಮಗಾರಿ ವರ್ಷಗಟ್ಟಲೆ ತಡವಾಗಿ 2014ರಲ್ಲಿ ಮುಗಿಯಿತು. ಸಮುದ್ರಮಟ್ಟಕ್ಕಿಂತ 80ರಿಂದ 130 ಮೀಟರ್ ಕೆಳಗಿನ ಆರು ಕಾಂಕ್ರೀಟ್ ಕಣಜಗಳಲ್ಲಿ ಒಂದು ಲಕ್ಷ ಪೀಪಾಯಿ ಹಿಡಿಯುತ್ತವೆ.

ಬಳಸಿದ ಇಂಧನದ ತಕರಾರು ಮಾತ್ರ ತೀರಲಿಲ್ಲ. ವೋಲ್ಸೋಂಗ್ ಸ್ಥಾವರದ ಆವರಣದಲ್ಲೇ ಅದರ ಒಣ ಸಂಗ್ರಹಾಗಾರವನ್ನು ವಿಸ್ತರಿಸಲು 2020ರಲ್ಲಿ ಗ್ಯೋಂಗ್ಜು ಜನರ ಅಭಿಪ್ರಾಯವನ್ನಷ್ಟೇ ಕೇಳಲಾಯಿತು. ಪಕ್ಕದ ಉಲ್ಸಾನ್ ನಗರದ ಉತ್ತರ ಜಿಲ್ಲೆಯವರು ಬುವಾನಿನವರಂತೆ ತಾವೇ ಮತದಾನ ನಡೆಸಿ, ಶೇ. 94.8ರಷ್ಟು ಮಂದಿ ಬೇಡವೆಂದರು. ವಿಸ್ತರಣೆಯ ಕೆಲಸ ಆ ವರ್ಷವೇ ಶುರುವಾಯಿತು.