ಸಮತೆಯ ಅಳತೆಗೋಲು

ಮನುಷ್ಯರೆಲ್ಲರೂ ಸಮಾನರಾಗಿ ಬಾಳುವ ರಾಜ್ಯವೊಂದನ್ನು ಕಲ್ಪಿಸಿಕೊಂಡು ಗ್ರಂಥ ರಚಿಸುವ ಪದ್ಧತಿ ಯುರೋಪಿನಲ್ಲಿ ಬಹು ಹಿಂದಿನದು. ಅಂತಹ ರಾಜ್ಯವನ್ನು ಕಲ್ಪಿಸಿಕೊಂಡು ಬೆದರುವ ಪದ್ಧತಿಯಾದರೋ ಈಚಿನದು. 1516ರಲ್ಲಿ ಥಾಮಸ್ ಮೋರ್ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ‘ಯುಟೋಪಿಯ’ದಲ್ಲಿ 54 ಪಟ್ಟಣಗಳಿವೆ, ನೆಲವು ಒಪ್ಪಿದ ಮಟ್ಟಿಗೆ ಅವೆಲ್ಲವೂ ಒಂದೇ ವಿನ್ಯಾಸದವು, ಜನರ ಉಡುಪು ದ್ವೀಪದ ಉದ್ದಗಲಕ್ಕೂ ಒಂದೇ ಬಗೆಯದು, ಮನೆಗಳನ್ನು ಹತ್ತು ವರ್ಷಕ್ಕೊಮ್ಮೆ ಚೀಟಿಯೆತ್ತಿ ಬದಲಿಸಿಕೊಳ್ಳುವುದು ಅಲ್ಲಿಯ ನಿಯಮ. ಇಂದಿನ ಓದುಗನಿಗೆ ಉಸಿರುಕಟ್ಟಿಸುವಂತೆ ತೋರುವ ಈ ಏರ್ಪಾಡು, ಕುರಿಮಂದೆಗಳ ಮೇವಿಗಾಗಿ ಒಕ್ಕಲುಗಳನ್ನು ನೆಲದಿಂದ ಎಬ್ಬಿಸಿ ಓಡಿಸುತ್ತಿದ್ದ ಅಂದಿನ ಇಂಗ್ಲೆಂಡನ್ನು ಕಂಡು ನೊಂದಿದ್ದ ಮೋರನಿಗೆ ಕರುಣೆಯ ಕನಸಾಗಿಯೇ ಕಂಡಿರಬೇಕು. ಹಸಿದವನ ಕಣ್ಣಿಗೆ ಸಮಪಾಲಿನಲ್ಲಿ ಸೆರೆಮನೆ ಕಾಣುವುದಿಲ್ಲ. ಈ ಮಾತನ್ನು ಮರೆತು ಮುಂದಿನ ಚರಿತ್ರೆಯನ್ನು ಓದಬಾರದೆಂದು ನನ್ನ ಭಾವನೆ.

ಬೆದರಿಕೆ ಮೊದಲಾದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1888ರಲ್ಲಿ ಅಮೆರಿಕದ ಎಡ್ವರ್ಡ್ ಬೆಲಮಿಯು ‘ಲುಕಿಂಗ್ ಬ್ಯಾಕ್‌ವರ್ಡ್’ ಎಂಬ ಕಾದಂಬರಿಯಲ್ಲಿ ಕ್ರಿ.ಶ. 2000ದ ಬಾಸ್ಟನ್ ನಗರವನ್ನು ಚಿತ್ರಿಸಿ, ಅಲ್ಲಿ ದುಡಿಮೆಯೆಲ್ಲವೂ ಸೈನ್ಯದಂತೆ ಸಂಘಟಿತವಾಗಿರುವುದೆಂದೂ ರಾಷ್ಟ್ರಸಂಪತ್ತಿನಲ್ಲಿ ಪ್ರತಿಯೊಬ್ಬ ಪ್ರಜೆಗೂ ವರ್ಷವರ್ಷವೂ ಸಮಪಾಲು ಸಲ್ಲುವುದೆಂದೂ ವರ್ಣಿಸಿದಾಗ ಆ ಗ್ರಂಥವನ್ನು ಲಕ್ಷಗಟ್ಟಲೆ ಜನ ಕೊಂಡು ಓದಿದರು, ಅದರ ತತ್ತ್ವವನ್ನು ಸಾರುವುದಕ್ಕಾಗಿ ಊರೂರಿನಲ್ಲಿ ಸಂಘಗಳನ್ನು ಕಟ್ಟಿದರು. ಇದಾದ ಮೂರು ವರ್ಷಕ್ಕೆ, ವಿನೋದ ಲೇಖಕನೆಂದು ಹೆಸರಾಗಿದ್ದ ಜೆರೋಮ್ ಕೆ. ಜೆರೋಮ್ ‘ದಿ ನ್ಯೂ ಯುಟೋಪಿಯ’ ಎಂಬ ಕಿರುಕಥೆಯನ್ನು ಬರೆದನು. ಸಾವಿರ ವರ್ಷ ನಿದ್ರಿಸಿ ಎಚ್ಚೆತ್ತವನೊಬ್ಬನು ಅದರಲ್ಲಿ ಕಾಣುವ ಲಂಡನ್ನಿನಲ್ಲಿ ಯಾರಿಗೂ ಹೆಸರಿಲ್ಲ, ಗಂಡಸರಿಗೆ ಬೆಸಸಂಖ್ಯೆ, ಹೆಂಗಸರಿಗೆ ಸಮಸಂಖ್ಯೆ. ಎಲ್ಲರ ಕೂದಲೂ ಕಪ್ಪು. ತಾನೇ ಮೈ ತೊಳೆದುಕೊಂಡರೆ ಒಬ್ಬನು ಇನ್ನೊಬ್ಬನಿಗಿಂತ ಶುಚಿಯಾದಾನೆಂದು ಸರ್ಕಾರವೇ ಎಲ್ಲರಿಗೂ ಸ್ನಾನ ಮಾಡಿಸುತ್ತದೆ. ಮಿತಿಮೀರಿ ಬಲಿಷ್ಠನಾದವನ ಕೈಯನ್ನೋ ಕಾಲನ್ನೋ ಕತ್ತರಿಸುತ್ತದೆ. ಬುದ್ಧಿ ಹೆಚ್ಚಾದವನ ಮಿದುಳನ್ನು ಶಸ್ತ್ರಚಿಕಿತ್ಸೆಯಿಂದ ತಗ್ಗಿಸುತ್ತದೆ. ಕಥೆ ಹಗುರವಾದುದೇ ಹೌದು. ಆದರೆ, ದುರ್ಬಲನನ್ನು ಮೇಲೆತ್ತಲಾರದ ಅಧಿಕಾರವು ಸಬಲನನ್ನು ಕಡಿದು ಸಮಗೊಳಿಸಲು ಹೊರಟೀತೆಂಬ ಅದರ ಮೂಲಭಾವನೆಯನ್ನು ಮುಂದೆ ಬಂದ ಕಥೆಗಾರರಾರೂ ಬಿಟ್ಟುಕೊಡಲಿಲ್ಲ.

ಅದಕ್ಕೆ ಗಾಂಭೀರ್ಯವನ್ನೂ ನಿಜವಾದ ಭಯವನ್ನೂ ತಂದುಕೊಟ್ಟವನು ರಷ್ಯದ ಯೆವ್ಗೆನಿ ಜಮ್ಯಾಟಿನ್. 1884ರಲ್ಲಿ ಜನಿಸಿದ ಈತನು ವೃತ್ತಿಯಿಂದ ಹಡಗು ಕಟ್ಟುವ ಎಂಜಿನಿಯರು. 1905ರ ಕ್ರಾಂತಿಯಲ್ಲಿ ಬಾಲ್ಷೆವಿಕರ ಪಕ್ಷ ವಹಿಸಿ ಸೆರೆಮನೆಯನ್ನು ಕಂಡವನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಪ್ರಾಂತದಲ್ಲಿದ್ದು, ಹೆಪ್ಪುಗಟ್ಟಿದ ಸಮುದ್ರವನ್ನು ಸೀಳಿ ಸಾಗುವ ರಷ್ಯದ ಹಡಗುಗಳ ನಿರ್ಮಾಣವನ್ನು ನೋಡಿಕೊಂಡವನು. ಯಂತ್ರದ ಸೊಬಗನ್ನು ಅರಿಯದೆ ಅದನ್ನು ಹಳಿಯುವವರ ಗುಂಪಿಗೆ ಆತನು ಸೇರಲಿಲ್ಲ. ಆದಕಾರಣವೇ 1920–21ರಲ್ಲಿ ಆತನು ಬರೆದ ‘ನಾವು’ ಎಂಬ ಕಾದಂಬರಿಯ ನಾಯಕ ಡಿ-503 ಕೂಡ ಎಂಜಿನಿಯರನೇ, ತನ್ನ ರಾಜ್ಯವನ್ನು ಮನಸಾರೆ ಪೂಜಿಸುವವನೇ. ಆತನ ನಗರದ ಮನೆಗಳು ಗಾಜಿನವು. ಲಕ್ಷೋಪಲಕ್ಷ ಜನರು ಏಳುವುದೂ ನಡೆಯುವುದೂ ತುತ್ತಿಗೆ ಐವತ್ತು ಸಲದಂತೆ ಅಗಿಯುವುದೂ ಒಂದೇ ವೇಳಾಪಟ್ಟಿಗೆ ಅನುಸಾರವಾಗಿ. ಇಷ್ಟಾದರೂ ಮೂಗು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ತೆರನಾಗಿ ಉಳಿದಿದೆಯಲ್ಲಾ, ಅಸೂಯೆಗೆ ಇನ್ನೂ ಎಡೆಯುಂಟಲ್ಲಾ ಎಂಬುದು ಅಲ್ಲಿಯವರ ಚಿಂತೆ. ಕಡೆಗೆ ಜನರ ಕಲ್ಪನಾಶಕ್ತಿಯನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕುತ್ತಾರೆ; ಡಿ-503ನು ತಾನು ಪ್ರೀತಿಸಿದವಳ ಚಿತ್ರಹಿಂಸೆಯನ್ನು ನಿರ್ವಿಕಾರನಾಗಿ ನೋಡುತ್ತ ಕುಳಿತುಕೊಳ್ಳುತ್ತಾನೆ.

ಇದೆಲ್ಲ ಬರಿಯ ಕಲ್ಪನೆಯೆಂದು ಬಗೆಯುವವರು ಅಂದಿನ ರಷ್ಯದ ಮೇಧಾವಿಗಳು ಏನನ್ನು ಬಯಸುತ್ತಿದ್ದರೆಂಬುದನ್ನು ವಿಚಾರಿಸಬೇಕು. ಕೂಲಿಯವನ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆದು, ವ್ಯರ್ಥವಾದುದನ್ನು ತೆಗೆದುಹಾಕುವ ವಿಧಾನವನ್ನು 1911ರಲ್ಲಿ ಗ್ರಂಥರೂಪದಲ್ಲಿ ಪ್ರತಿಪಾದಿಸಿದವನು ಅಮೆರಿಕದ ಬಂಡವಾಳಗಾರರ ಪ್ರೀತಿಪಾತ್ರನಾದ ಫ್ರೆಡರಿಕ್ ಟೇಲರ್; ಅದನ್ನು ಅಭ್ಯಸಿಸಬೇಕೆಂದು 1918ರಲ್ಲಿ ಹೇಳಿದವನು ಲೆನಿನ್. ಕಾರ್ಖಾನೆಯಲ್ಲಿ ದುಡಿದು ಕವಿಯಾದ ಅಲೆಕ್ಸೆಯ್ ಗಾಸ್ತೆವ್ 1919ರ ಲೇಖನವೊಂದರಲ್ಲಿ, ಕಾರ್ಮಿಕರು ಅನಾಮಧೇಯರಾಗುವರೆಂದೂ ಅವರನ್ನು ಅಕ್ಷರಗಳಿಂದಲೋ ಅಂಕೆಗಳಿಂದಲೋ ಗುರುತಿಸಬಹುದೆಂದೂ ಬರೆದುದು ಎಚ್ಚರಿಕೆಯಾಗಿ ಅಲ್ಲ, ಹರ್ಷದಿಂದ. ಮರುವರ್ಷವೇ ಆತನು ಶ್ರಮದ ವೈಜ್ಞಾನಿಕ ಅಧ್ಯಯನಕ್ಕಾಗಿ ಮಾಸ್ಕೋದಲ್ಲಿ ಕೇಂದ್ರ ಸಂಸ್ಥೆಯೊಂದನ್ನು ಸ್ಥಾಪಿಸಿದನು. ‘ನಾವು’ ಕಾದಂಬರಿಯಲ್ಲಿ ಟೇಲರನು ಪ್ರಾಚೀನ ಕಾಲದ ಪ್ರವಾದಿಯಂತೆ ಪೂಜ್ಯನಾಗಿರುವುದನ್ನು ನೆನೆದರೆ, ಜಮ್ಯಾಟಿನ್ ಅಂಜಿದುದು ಅನ್ನದ ಸಮಪಾಲಿಗಲ್ಲ, ಎರಡು ಖಂಡಗಳಲ್ಲಿಯೂ ಕೈಬದಲಾಯಿಸುತ್ತಿದ್ದ ಆ ಅಳತೆಗೋಲಿಗೆ ಎಂಬುದು ಸ್ಪಷ್ಟವಾಗುತ್ತದೆ. ಆ ಪುಸ್ತಕ ರಷ್ಯದಲ್ಲಿ ಅಚ್ಚಾಗಲಿಲ್ಲ; 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷಿನಲ್ಲಿ ಹೊರಬಂದು, ಬರೆದವನ ನಾಡಿನಲ್ಲಿ ಬೆಳಕು ಕಾಣಲು 1988ರವರೆಗೆ ಕಾಯಬೇಕಾಯಿತು. 1931ರಲ್ಲಿ ಸ್ಟಾಲಿನ್ನನಿಗೇ ಪತ್ರ ಬರೆದು ದೇಶ ಬಿಡಲು ಅನುಮತಿ ಪಡೆದ ಜಮ್ಯಾಟಿನ್ 1937ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡನು. ಅಂಕೆಗಳನ್ನು ಹರ್ಷದಿಂದ ಬಯಸಿದ್ದ ಗಾಸ್ತೆವನನ್ನು 1939ರಲ್ಲಿ ಗುಂಡಿಟ್ಟು ಕೊಂದರು.

ಹಕ್ಸ್‌ಲಿಯನ್ನೂ ಆರ್ವೆಲನನ್ನೂ ಈ ಪರಂಪರೆಗೆ ಸೇರಿಸಿ ಮಾತನಾಡುವುದು ವಾಡಿಕೆಯಾಗಿದೆ, ನನಗದು ಸರಿಯೆನಿಸುವುದಿಲ್ಲ. ಒಬ್ಬನ ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ಮನುಷ್ಯರು ಹುಟ್ಟುವ ಮೊದಲೇ ಐದು ವರ್ಗಗಳಾಗಿ ವಿಭಾಗಗೊಂಡಿರುತ್ತಾರೆ, ಇನ್ನೊಬ್ಬನ ‘1984’ರಲ್ಲಿ ಪಕ್ಷದ ಒಳವರ್ಗದವರಿಗೆ ಮದ್ಯವೂ ಸೇವಕರೂ ಉಂಟು. ಅಲ್ಲಿ ವ್ಯಕ್ತಿತ್ವವು ನಾಶವಾಗುವುದು ನಿಜ, ಆದರೆ ಸಮತೆಯ ಹೆಸರಿನಲ್ಲಿ ಅಲ್ಲ. ಜಮ್ಯಾಟಿನ್ನನ ಪಾತ್ರಗಳನ್ನು ಕಾಡಿದ ಮೂಗಿನ ಚಿಂತೆಯನ್ನು ಮುಂದುವರಿಸಿದವನು ಇಂಗ್ಲಿಷ್ ಕಾದಂಬರಿಕಾರ ಎಲ್. ಪಿ. ಹಾರ್ಟ್‌ಲಿ. 1960ರ ಆತನ ‘ಫೇಶಿಯಲ್ ಜಸ್ಟಿಸ್’ನಲ್ಲಿ, ಮೂರನೆಯ ಮಹಾಯುದ್ಧದಿಂದ ಅಳಿದುಳಿದವರು ಅಸೂಯೆಯೇ ಸಕಲ ಕೇಡಿಗೂ ಮೂಲವೆಂದು ನಂಬಿ, ಚೆಲುವೆಯರಿಗೂ ಕುರೂಪಿಗಳಿಗೂ ಸಾಧಾರಣವಾದ ಒಂದೇ ಮುಖವನ್ನು ಶಸ್ತ್ರಚಿಕಿತ್ಸೆಯಿಂದ ದಯಪಾಲಿಸುತ್ತಾರೆ, ಜೇಯಲ್ ಎಂಬ ತರುಣಿ ಅಪಘಾತಕ್ಕೆ ಸಿಕ್ಕಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವಳ ಒಪ್ಪಿಗೆಯಿಲ್ಲದೆಯೇ ಅವಳ ಮುಖವನ್ನು ಬದಲಾಯಿಸಿಬಿಡುತ್ತಾರೆ. ದಂಡಿಸುವವರಾಗಿ ಅಲ್ಲದೆ ಉಪಕರಿಸುವವರಾಗಿ ಬಂದು ಹೀಗೆ ಮಾಡುವುದರಿಂದ ಇದರ ಕ್ರೌರ್ಯ ನನಗೆ ಇನ್ನಷ್ಟು ತೀಕ್ಷ್ಣವಾಗಿ ತೋರುತ್ತದೆ.

ಮರುವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಮಾಸಪತ್ರಿಕೆಯೊಂದರಲ್ಲಿ ಕರ್ಟ್ ವಾನೆಗಟನ ‘ಹ್ಯಾರಿಸನ್ ಬರ್ಜರಾನ್’ ಪ್ರಕಟವಾಯಿತು. 2081ನೆಯ ಇಸವಿ, ಸಂವಿಧಾನದ ತಿದ್ದುಪಡಿಗಳ ಬಲದಿಂದ ಎಲ್ಲರೂ ಸಮಾನರು. ಬಲಿಷ್ಠರ ಕೊರಳಿಗೆ ಸೀಸದ ಗುಂಡುಗಳ ಚೀಲ, ಚೆಲುವರ ಮುಖಕ್ಕೆ ಮುಖವಾಡ, ಬುದ್ಧಿವಂತರ ಕಿವಿಯಲ್ಲಿ ಇಪ್ಪತ್ತು ಸೆಕೆಂಡಿಗೊಮ್ಮೆ ಕರ್ಕಶವಾಗಿ ಸದ್ದುಮಾಡಿ ಯೋಚನೆಯನ್ನು ಚೆದರಿಸುವ ರೇಡಿಯೊ. ಇವನ್ನೆಲ್ಲ ಕಿತ್ತೆಸೆದು ದೂರದರ್ಶನದ ರಂಗಮಂದಿರದಲ್ಲಿ ನರ್ತಿಸಿದ ಹದಿನಾಲ್ಕು ವರ್ಷದ ಹುಡುಗನನ್ನು ಅಧಿಕಾರಿಣಿಯೊಬ್ಬಳು ಗುಂಡಿಕ್ಕಿ ಕೊಲ್ಲುತ್ತಾಳೆ; ಅದನ್ನು ಮನೆಯಲ್ಲಿ ನೋಡುತ್ತಿದ್ದ ತಾಯಿ ಕಣ್ಣೀರು ಹಾಕಿ, ಏಕೆ ಅತ್ತೆನೆಂಬುದನ್ನೇ ಮರೆಯುತ್ತಾಳೆ.

ಈ ಕಥೆಯ ಮುಂದಿನ ಬಾಳು ನ್ಯಾಯಾಲಯಗಳಲ್ಲಿ ನಡೆಯಿತು. ಕಾಲಿನ ರಕ್ತಸಂಚಾರದಲ್ಲಿ ಹುಟ್ಟಿನಿಂದಲೇ ದೋಷವಿದ್ದು ನಡೆಯಲು ಬಹಳವಾಗಿ ನೋಯುತ್ತಿದ್ದ ಗಾಲ್ಫ್ ಆಟಗಾರ ಕೇಸಿ ಮಾರ್ಟಿನ್, ಸ್ಪರ್ಧೆಯಲ್ಲಿ ಪುಟ್ಟ ವಾಹನವೊಂದನ್ನು ಬಳಸಲು ಅನುಮತಿ ಬೇಡಿದ್ದನು. 2001ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಏಳು ಜನರ ಬಹುಮತದಿಂದ ಅವನ ಕಡೆಗೆ ತೀರ್ಪಿತ್ತಾಗ, ಭಿನ್ನಮತ ಬರೆದ ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯ ಆ ತೀರ್ಪನ್ನು ಖಂಡಿಸಲು ವಾನೆಗಟನ ಕಥೆಯನ್ನೇ ಎತ್ತಿಕೊಂಡನು. ಕುಂಟುವವನಿಗೆ ಆಟದ ಬಯಲಿಗೆ ಬರುವ ದಾರಿ ಮಾಡಿಕೊಡುವುದಕ್ಕೂ ಓಡುವವನ ಕಾಲಿಗೆ ಭಾರ ಕಟ್ಟುವುದಕ್ಕೂ ಇರುವ ಅಂತರವನ್ನು ಅಷ್ಟು ದೊಡ್ಡ ಪಂಡಿತನು ಗಣಿಸದೆ ಹೋದುದು ನನ್ನನ್ನು ಇಂದಿಗೂ ನೋಯಿಸುತ್ತದೆ. 2005ರಲ್ಲಿ ಕ್ಯಾನ್ಸಸ್ ರಾಜ್ಯದ ಶಾಲೆಗಳಿಗೆ ಹಣ ಹಂಚುವ ಮೊಕದ್ದಮೆಯಲ್ಲಿ, ಅನುಕೂಲಸ್ಥ ಪ್ರದೇಶದ ವಿದ್ಯಾರ್ಥಿಗಳ ಪರವಾದ ವಕೀಲರೂ ಅದೇ ಕಥೆಯನ್ನು ಆಧಾರವಾಗಿ ಮುಂದಿಟ್ಟರು. ಆಗ ಎಂಬತ್ತು ದಾಟಿದ್ದ ವಾನೆಗಟನು ಸ್ಥಳೀಯ ಪತ್ರಿಕೆಗೆ ಉತ್ತರ ಹೇಳಿದನು: ತನ್ನ ಕಥೆ ಬುದ್ಧಿಪ್ರತಿಭೆಗಳನ್ನು ಕುರಿತದ್ದು, ಐಶ್ವರ್ಯವು ಆ ಎರಡಕ್ಕೂ ಪ್ರಮಾಣವಲ್ಲ, ಹೆತ್ತವರು ಬಡವರೆಂಬ ಕಾರಣಕ್ಕೆ ಮಕ್ಕಳಿಗೆ ಕೀಳಾದ ಶಿಕ್ಷಣ ಕೊಡುತ್ತಿರುವ ಆ ರಾಜ್ಯವೇ, ಅವರೆಷ್ಟು ಪ್ರತಿಭಾವಂತರಾದರೂ, ಅವರ ಕೊರಳಿಗೆ ಭಾರವನ್ನು ಕಟ್ಟುತ್ತಿದೆ ಎಂದು.