ಹುಡುಗ ಸಿಕ್ಕ, 501 ರೂಪಾಯಿ ಸಿಗಲಿಲ್ಲ

"ಹುಡುಕಿಕೊಟ್ಟವರಿಗೆ ಬಹುಮಾನ" ಅಂತ ಕಂಬಕ್ಕೆ ಚೀಟಿ ಅಂಟಿಸಿರ್ತಾರಲ್ಲ, ಅದೂ ಒಂದು ಕರಾರೇ. ಒಪ್ಪಿಗೆ ಅಂತ ಬಾಯಿಬಿಟ್ಟು ಹೇಳ್ಬೇಕಿಲ್ಲ, ಕೆಲಸ ಮಾಡಿ ಮುಗಿಸಿದ್ರೆ ಅದೇ ಒಪ್ಪಿಗೆ. ಇಂಗ್ಲೆಂಡಿನ ಕೋರ್ಟು 1892ರಲ್ಲಿ ಹೀಗೆಂದೇ ಒಂದು ಔಷಧಿ ಕಂಪನಿಯಿಂದ, ಅದು ಜಾಹೀರಾತಿನಲ್ಲಿ ಮಾತು ಕೊಟ್ಟಿದ್ದ 100 ಪೌಂಡ್ ಕೊಡಿಸಿತ್ತು.

ಕಾನ್ಪುರದ ಮುನೀಮ ಲಾಲ್‌ಮನ್ ಶುಕ್ಲನ ಕಥೆ ಬೇರೆ. ಧಣಿ ಮನೆಯ ಹುಡುಗ ಓಡಿಹೋದಾಗ ಇವನನ್ನ ಹುಡುಕೋಕೆ ಹರಿದ್ವಾರಕ್ಕೆ ಕಳಿಸಿದ್ರು. ಇವನು ಹೊರಟ ಮೇಲೆ ಧಣಿ 501 ರೂಪಾಯಿ ಬಹುಮಾನದ ಕರಪತ್ರ ಹಂಚಿಸಿದ. ಶುಕ್ಲ ಹುಡುಗನನ್ನು ಋಷಿಕೇಶದಲ್ಲಿ ಪತ್ತೆ ಹಚ್ಚಿ ತಂತಿ ಕಳಿಸಿದ. ಆರು ತಿಂಗಳಾದ ಮೇಲೆ ಕೆಲಸ ಹೋಯ್ತು, ಆಗ ಬಹುಮಾನಕ್ಕೆ ದಾವೆ ಹೂಡಿದ.

1913ರಲ್ಲಿ ಅಲಹಾಬಾದ್ ಹೈಕೋರ್ಟ್ ಒಪ್ಪಲಿಲ್ಲ. ಹುಡುಗ ಸಿಕ್ಕಾಗ ಬಹುಮಾನದ ವಿಷಯವೇ ಗೊತ್ತಿರದವನು ಅದನ್ನ ಒಪ್ಪಿದ್ದು ಹೇಗೆ? ಮೇಲಾಗಿ ಹುಡುಕೋದು ಅವನ ನೌಕರಿಯ ಕೆಲಸವೇ ಅಲ್ವಾ? ತರ್ಕ ಸರಿ, ಆದ್ರೂ ನನ್ನ ಮನಸ್ಸು ಶುಕ್ಲನ ಕಡೆಗೇ. ಅವನಿಗೆ ದಕ್ಕಿದ್ದು ಧಣಿ ಮೊದಲೇ ಕೊಟ್ಟಿದ್ದ ಎರಡು ಸವರನ್ನು, 20 ರೂಪಾಯಿ ಅಷ್ಟೇ.